ಸ್ಟಾಕ್ ಇದೆ, ಎಂಟ್ರಿ ಇಲ್ಲ

ನಾನು ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸ್ಟೋರ್ ಕೀಪರ್. ಬೇರಿಂಗು, ಆಯಿಲ್ ಸೀಲು, ನಟ್ಟು ಬೋಲ್ಟು ಎಣಿಸುವುದೇ ಹೊಟ್ಟೆಪಾಡು. ಪ್ರತಿ ಮಾರ್ಚ್ 31ಕ್ಕೆ ರ‍್ಯಾಕಿನಲ್ಲಿರುವ ಮಾಲು ಎಣಿಸಿ ಬಿನ್ ಕಾರ್ಡಿನ, ಅಂದರೆ ಆ ಮಾಲಿನ ಲೆಕ್ಕ ಬರೆದಿಡುವ ಕಾರ್ಡಿನ ಜೊತೆ ತಾಳೆ ನೋಡುತ್ತೇವೆ. ಕಡಿಮೆ ಬಂದರೆ ಬೈಗುಳ ಬೀಳುತ್ತದೆ, ಇದು ಎಲ್ಲರಿಗೂ ಗೊತ್ತು. ಜಾಸ್ತಿ ಬಂದರೂ ಬೀಳುತ್ತದೆ. ಇದು ಹೊರಗಿನವರಿಗೆ ಗೊತ್ತಿಲ್ಲ. ರ‍್ಯಾಕಿನಲ್ಲಿ ನಾಲ್ಕಿದೆ, ಕಾರ್ಡಿನಲ್ಲಿ ಮೂರಿದೆ ಅಂದರೆ ಆಡಿಟರ್ ಕನ್ನಡಕ ಕೆಳಗಿಳಿಸಿ ಕೇಳುತ್ತಾನೆ: 'ನಾಲ್ಕನೆಯದು ಎಲ್ಲಿಂದ ಬಂತು?'

2021ರ ಡಿಸೆಂಬರ್‌ನಲ್ಲಿ ಈ ಪ್ರಶ್ನೆ ನಮ್ಮಪ್ಪನಿಗೆ ಬಿತ್ತು.

ಅಪ್ಪ 1966ರಲ್ಲಿ ಮಿಲಿಟರಿಗೆ ಭರ್ತಿಯಾದವನು. 1984ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದ. ನಮ್ಮೂರು ಬೈಲಹೊಂಗಲ ತಾಲ್ಲೂಕಿನಲ್ಲಿ. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಹೊಲ ಲಾವಣಿಗೆ ಕೊಟ್ಟು ಅವ್ವನ ಜೊತೆ ದಾಪೋಡಿಯ ನಮ್ಮ ಮನೆಗೆ ಬಂದ. ಬೆಳಿಗ್ಗೆ ಮಿಲಿಟರಿ ಎಂಜಿನಿಯರಿಂಗ್ ಕಾಲೇಜಿನ ಕಂಪೌಂಡ್ ಗೋಡೆಯ ಪಕ್ಕದಲ್ಲೇ ಅವನ ವಾಕಿಂಗು. ಖಡಕಿ ಕಡೆಯಿಂದ ಬ್ಯೂಗಲ್ ಕೇಳುತ್ತದೆ ಅನ್ನುತ್ತಾನೆ. ನನಗೆ ಲೋನಾವಳ ಲೋಕಲ್‌ನ ಹಾರ್ನ್ ಬಿಟ್ಟು ಏನೂ ಕೇಳುವುದಿಲ್ಲ.

ಆ ವರ್ಷ 1971ರ ಯುದ್ಧಕ್ಕೆ ಐವತ್ತು ವರ್ಷ. ನಮ್ಮ ಕಡೆಯ ಕನ್ನಡದವರೆಲ್ಲ ಸೇರಿ ಡಿಸೆಂಬರ್ 16ಕ್ಕೆ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡರು. ನಾಲ್ಕು ಜನ ಮಾಜಿ ಸೈನಿಕರಿಗೆ ಶಾಲು, ಹಾವೇರಿಯಿಂದ ತರಿಸಿದ ಏಲಕ್ಕಿ ಹಾರ, ಆಮೇಲೆ ಶಿರಾ ಉಪ್ಪಿಟ್ಟು. ಪರಿಚಯ ಓದಲು ಡಿಸ್ಚಾರ್ಜ್ ಬುಕ್ಕಿನ, ಅಂದರೆ ಮಿಲಿಟರಿ ಬಿಡುವಾಗ ಕೊಡುವ ಸೇವೆಯ ದಾಖಲೆ ಪುಸ್ತಕದ ಝೆರಾಕ್ಸ್ ಬೇಕು ಅಂದಿದ್ದರು. ಅಪ್ಪ ಹಳೇ ಕೋಟಿನ ಮೇಲೆ ನಾಲ್ಕು ಮೆಡಲು ಹಾಕಿಕೊಂಡು ಮೊದಲನೇ ಸಾಲಿನಲ್ಲಿ ಕೂತಿದ್ದ. ಪರಿಚಯ ಓದುವ ಕೆಲಸ ಒಬ್ಬ ರಿಟೈರ್ಡ್ ಸುಬೇದಾರ್ ಸಾಹೇಬರದು. ಗದಗ ಕಡೆಯವರು, ಕಟ್ಟುನಿಟ್ಟಿನ ಮನುಷ್ಯ. ಅವರು ಝೆರಾಕ್ಸ್ ನೋಡಿದರು, ಅಪ್ಪನ ಎದೆ ನೋಡಿದರು, ಮತ್ತೆ ಝೆರಾಕ್ಸ್ ನೋಡಿದರು. ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹವಾಲ್ದಾರ್, ಬುಕ್ಕಿನ್ಯಾಗ ಮೂರ ಅದಾವಲ್ಲ. ಈ ಸ್ಟಾರ್ ಎಲ್ಲಿಂದು?"

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ, ಈಗ ನನಗೆ ಗೊತ್ತು. ಕಂಟೋನ್ಮೆಂಟ್ ಇರುವ ಯಾವ ಊರಿನಲ್ಲೂ ಮಿಲಿಟರಿ ಸಾಮಾನಿನ ಅಂಗಡಿಯಲ್ಲಿ ರಿಬ್ಬನ್ನು, ಮೆಡಲಿನ ನಕಲು ಸಿಗುತ್ತವೆ. ಕಳೆದುಕೊಂಡವರು ತೆಗೆದುಕೊಳ್ಳುತ್ತಾರೆ. ಸುಮ್ನೆ ಶೋಕಿಗೆ ತೆಗೆದುಕೊಳ್ಳುವವರೂ ಇದ್ದಾರೆ. ಅಪ್ಪ ಸ್ಟಾರ್ ತಿರುಗಿಸಿ ಹಿಂಬದಿ ತೋರಿಸಿದ. ಸರ್ಕಾರ ಕೊಟ್ಟ ಮೆಡಲಿನ ಮೇಲೆ ಸೈನಿಕನ ನಂಬರು, ಹೆಸರು ಒತ್ತಿರುತ್ತಾರೆ. ಅಂಗಡಿಯದರ ಮೇಲೆ ಇರುವುದಿಲ್ಲ. ಆದರೆ ಅದನ್ನು ನೋಡಿ ಸುಬೇದಾರರ ಅನುಮಾನ ಇನ್ನೂ ಜಾಸ್ತಿಯಾಯಿತು. ಹೆಸರು ಬುಕ್ಕಿನಲ್ಲಿದ್ದಂತೆ ಇರಲಿಲ್ಲ. ನಂಬರಿನ ಕೊನೆಯ ಎರಡು ಅಂಕಿ ಸವೆದುಹೋಗಿದ್ದವು. ಸವೆಸಿದವಳು ಅವ್ವ. ಪ್ರತಿ ಆಗಸ್ಟ್ 15ರ ಹಿಂದಿನ ದಿನ ದೇವರ ಸಾಮಾನಿನ ಜೊತೆ ಮೆಡಲುಗಳನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತಿದ್ದಳು. ನಲವತ್ತು ವರ್ಷ.

ಅಪ್ಪ ಏನೂ ಅನ್ನಲಿಲ್ಲ. ಸ್ಟಾರ್ ಬಿಚ್ಚಿ ಜೇಬಿಗೆ ಹಾಕಿಕೊಂಡ. ಶಾಲು ಹೊದಿಸಿಕೊಂಡ, ಹಾರ ಹಾಕಿಸಿಕೊಂಡ. ಶಿರಾ ತಿನ್ನಲಿಲ್ಲ.

ಅದು ಯಾವ ಸ್ಟಾರ್ ಅಂತ ಹೇಳದಿದ್ದರೆ ಈ ನೋವು ಅರ್ಥವಾಗುವುದಿಲ್ಲ. 1971ರ ಯುದ್ಧಕ್ಕೆ ಮುಖ್ಯವಾಗಿ ಮೂರು ಪದಕ ಕೊಟ್ಟರು. ಪೂರ್ವದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದ ಕಡೆ, ಕಾರ್ಯಾಚರಣೆಯಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್. ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಇವೆರಡಕ್ಕಿಂತ ಅಗಲವಾದದ್ದು ಸಂಗ್ರಾಮ್ ಮೆಡಲ್. 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ನಡುವೆ ಗಡಿ ರಾಜ್ಯಗಳಲ್ಲಿ ಸೇವೆಯಲ್ಲಿದ್ದವರಿಗೆಲ್ಲ ಅದು ಸಿಕ್ಕಿತು. ಅಪ್ಪನ ಬುಕ್ಕಿನಲ್ಲಿ ಸಂಗ್ರಾಮ್ ಮೆಡಲ್ ಇತ್ತು. ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್ ಇತ್ತು, 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆಲ್ಲ ಕೊಟ್ಟದ್ದು. ಒಂಬತ್ತು ವರ್ಷದ ಲಾಂಗ್ ಸರ್ವಿಸ್ ಮೆಡಲ್ ಇತ್ತು. ಈ ಮೂರೂ 'ನೌಕರಿಯಲ್ಲಿದ್ದ' ಅನ್ನುತ್ತವೆ. 'ಅಲ್ಲಿದ್ದ' ಅಂತ ಹೇಳುವುದು ಅಪ್ಪನ ಆ ಪೂರ್ವಿ ಸ್ಟಾರ್ ಒಂದೇ.

ಮಾರನೇ ದಿನ ನಾನು ಅಂದೆ, "ಅಪ್ಪಾ, ಸರಿ ಮಾಡಿಸೋಣು."

"ಬಿಡಲೇ. ರೊಕ್ಕ ಬರೂದೇನು ಅದರಿಂದ?"

ರೊಕ್ಕ ಬರುವುದಿಲ್ಲ, ನಿಜ. ಶೌರ್ಯ ಪದಕಗಳಿಗೆ ಭತ್ಯೆ ಇದೆ. ಇಂಥ ಯುದ್ಧದ ಸ್ಟಾರ್‌ಗೆ ಪೆನ್ಷನ್ನಿನಲ್ಲಿ ಒಂದು ಪೈಸೆ ಜಾಸ್ತಿ ಇಲ್ಲ. ಆದರೂ ನನಗೆ ನಿದ್ದೆ ಬರಲಿಲ್ಲ. ರ‍್ಯಾಕಿನಲ್ಲಿ ಮಾಲಿದೆ, ಕಾರ್ಡಿನಲ್ಲಿ ಎಂಟ್ರಿ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಇಂಥದ್ದನ್ನು ನಾನು ಯಾವತ್ತೂ ಹಾಗೇ ಬಿಟ್ಟವನಲ್ಲ.

ಸೈನಿಕನ ಎಲ್ಲ ಕಾಗದ ಅವನ ದಳದ ರೆಕಾರ್ಡ್ ಆಫೀಸಿನಲ್ಲಿ ಇರುತ್ತವೆ. ಅಪ್ಪನ ದಳ ಯಾವುದು, ಆ ಆಫೀಸು ಯಾವ ಊರಿನಲ್ಲಿದೆ, ಬರೆಯುವುದಿಲ್ಲ. ತಪ್ಪು ಮಾಡಿದ್ದು ಅಲ್ಲಿಯ ಯಾವುದೋ ಕಾಲದ ಬಾಬು. ಸರಿ ಮಾಡಿದ್ದೂ ಅದೇ ಆಫೀಸು. 2022ರ ಜನವರಿಯಲ್ಲಿ ಅಲ್ಲಿನ ಅಧಿಕಾರಿಗೆ ಮೊದಲ ಅರ್ಜಿ ಹಾಕಿದೆ. ಎರಡು ಪುಟ. ಅಪ್ಪನ ದೇಶಸೇವೆ, ನಮ್ಮ ಮನೆತನದ ಗೌರವ, ಸಭೆಯಲ್ಲಿ ಆದ ಅವಮಾನ, ಎಲ್ಲ ಬರೆದೆ. ಈಗ ಓದಿದರೆ ನನಗೇ ನಾಚಿಕೆ. ಐದು ತಿಂಗಳಾದ ಮೇಲೆ ಮೂರು ಸಾಲಿನ ಉತ್ತರ ಬಂತು. ಮೆಡಲಿನ ಫೋಟೋದಲ್ಲಿರುವ ಹೆಸರಿಗೂ ದಾಖಲೆಯ ಹೆಸರಿಗೂ ಹೊಂದಿಕೆಯಿಲ್ಲ, ಪುರಾವೆ ಕಳಿಸಿ.

ಹೆಸರಿನ ಕತೆ ಹೀಗಿದೆ. ನಮ್ಮ ಕಡೆ ಅರ್ಧ ಊರಿನ ಗಂಡಸರ ಹೆಸರು 'ಪ್ಪ'ದಲ್ಲಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಬರೆದರೆ ಎರಡು 'ಪಿ' ಬರಬೇಕು. ಕನ್ನಡ ಗೊತ್ತಿಲ್ಲದ ಬಾಬುವಿನ ಕಿವಿಗೆ ಒಂದೇ ಕೇಳಿಸುತ್ತದೆ. ಭರ್ತಿಯಾದಾಗ ಎರಡು ಹಾಕಿದ್ದರು, ಮೆಡಲಿನವರು ಒಂದು ಹಾಕಿದ್ದರು. ಸಾಲದ್ದಕ್ಕೆ ಒಂದು ಕಡೆ ಅಜ್ಜನ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಒಂದು ಪ-ಒತ್ತು ಉದುರಿದ್ದಕ್ಕೆ ಒಬ್ಬ ಮನುಷ್ಯ ಇಬ್ಬರಾಗಿದ್ದ.

ಆಗ ಜನ ಏನೇನೋ ಸಲಹೆ ಕೊಟ್ಟರು. ಮುಂಬೈಯಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಇದೆ, ಕೇಸು ಹಾಕು ಅಂದ ಒಬ್ಬ ಗೆಳೆಯ. ಅದು ಕೇಳಿ ಅಪ್ಪ ಊಟದ ತಾಟು ಬಿಟ್ಟು ಎದ್ದ. "ಸರ್ಕಾರದ ಉಪ್ಪು ತಿಂದೀನಿ, ಕೋರ್ಟಿಗೆ ಹೋಗೂದಿಲ್ಲ." ಅಮೆರಿಕದಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಇನ್ನೊಂದು ಹೇಳಿದ. ಅಲ್ಲಿಯೂ ಡಿಸ್ಚಾರ್ಜ್ ಕಾಗದದಲ್ಲಿ ಮೆಡಲು ಬಿಟ್ಟುಹೋಗುವುದು ಮಾಮೂಲು. 1973ರ ಜುಲೈ 12ರಂದು ಸೇಂಟ್ ಲೂಯಿಸಿನ ರೆಕಾರ್ಡ್ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 1.6ರಿಂದ 1.8 ಕೋಟಿ ಸೈನಿಕರ ಫೈಲು ಹಾಳಾದವು, ಪಾಪ ಆ ಮುದುಕರು ಈಗಲೂ ಬೇರೆ ಬೇರೆ ಕಾಗದ ಹುಡುಕಿ ತಮ್ಮ ಸೇವೆ ತೋರಿಸಬೇಕು ಅಂದ. ಅವನು ಸಮಾಧಾನಕ್ಕೆ ಹೇಳಿದ. ನನಗೆ ಮಾತ್ರ ಅವತ್ತಿನಿಂದ ಅಪ್ಪನ ಫೈಲಿಗೆ ಗೆದ್ದಲು ಹಿಡಿದ ಕನಸು.

ಕೊನೆಗೆ ದಾರಿ ತೋರಿಸಿದ್ದು ಅಪ್ಪನೇ, ಅವನಿಗೇ ಗೊತ್ತಿಲ್ಲದೆ. ಒಂದು ಸಂಜೆ ಅರ್ಜಿಯ ಪ್ರತಿ ಕೈಗೆ ಕೊಟ್ಟೆ. ಓದಿ, "ನಂಬರ್ ಎಲ್ಲಿ ಬರದೀಯೋ?" ಅಂದ. ಕೆಳಗೆ, ಸಹಿಯ ಹತ್ತಿರ ಬರೆದಿದ್ದೆ. "ತಲೀಗೆ ಬರಿ. ಫೌಜಿನ್ಯಾಗ ಹೆಸರು ಯಾಂವ ಕೇಳ್ತಾನ?" ಅಂದವನೇ ತನ್ನ ಏಳಂಕಿಯ ನಂಬರು ಹಿಂದಿಯಲ್ಲಿ ಒಂದೇ ಉಸಿರಿಗೆ ಹೇಳಿದ. ಬಿ.ಪಿ. ಮಾತ್ರೆ ತಗೊಂಡೆನೋ ಇಲ್ಲವೋ ಅಂತ ದಿನಕ್ಕೆರಡು ಸಲ ಕೇಳುವ ಮನುಷ್ಯ.

ನಾನು ಸ್ಟೋರ್ ಕೀಪರ್ ಆಗಿ ಇದನ್ನು ಮರೆತಿದ್ದೆ ನೋಡಿ. ಬೇರಿಂಗಿನ ಹೆಸರು ಒಬ್ಬೊಬ್ಬ ಒಂದೊಂದು ತರಹ ಬರೆಯುತ್ತಾನೆ. ಪಾರ್ಟ್ ನಂಬರ್ ಒಂದೇ.

2022ರ ಆಗಸ್ಟ್‌ನಲ್ಲಿ ಅಪ್ಪನ ಹೆಸರಿನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಫೀ 10 ರೂಪಾಯಿ, ಆನ್‌ಲೈನಿನಲ್ಲೇ ಆಗುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ ಇರುತ್ತದೆ, ಕೊಡದಿದ್ದರೆ ಮೊದಲ ಅಪೀಲು ಹಾಕಬಹುದು. ಈ ಸಲ ದೇಶಸೇವೆ, ಅವಮಾನ ಒಂದೂ ಬರೆಯಲಿಲ್ಲ. ತಲೆಯಲ್ಲಿ ನಂಬರು. ಕೆಳಗೆ ಕೇಳಿದ್ದು ಎರಡೇ: ಈ ನಂಬರಿನ ಶೀಟ್ ರೋಲಿನ ಪ್ರತಿ, ಮತ್ತು ಈ ನಂಬರಿಗೆ ಮೆಡಲು ಕೊಟ್ಟ ಬಗ್ಗೆ ಹೊರಡಿಸಿದ ಪಾರ್ಟ್ ಟೂ ಆರ್ಡರುಗಳ ಪ್ರತಿ. ಈ ಎರಡು ಶಬ್ದ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಶೀಟ್ ರೋಲ್ ಅಂದರೆ ಸೈನಿಕನ ಜಾತಕ. ಪಾರ್ಟ್ ಟೂ ಆರ್ಡರ್ ಅಂದರೆ ಅವನ ಬಾಳಿನಲ್ಲಿ ಏನೇ ಆದರೂ, ಮದುವೆ, ಮಗು, ಬಡ್ತಿ, ಮೆಡಲು, ದಾಖಲೆಗೆ ಏರಿಸಲು ಹೊರಡಿಸುವ ಕಾಗದ. ಅದು ಹೊರಡದಿದ್ದರೆ ಮಿಲಿಟರಿಯ ಲೆಕ್ಕದಲ್ಲಿ ನಿಮಗೆ ಮದುವೆಯೇ ಆಗಿಲ್ಲ.

ಹತ್ತು ಪುಟ, ಪುಟಕ್ಕೆ 2 ರೂಪಾಯಿ, 20 ರೂಪಾಯಿಯ ಪೋಸ್ಟಲ್ ಆರ್ಡರ್ ಕಳಿಸಿ ಅಂತ ಬಂತು. ಕಳಿಸಿದೆ. ಅಪ್ಪನ ಹದಿನೆಂಟು ವರ್ಷ ಕಂದು ಕವರಿನಲ್ಲಿ ಮನೆಗೆ ಬಂತು.

ಅವತ್ತು ರಾತ್ರಿ ಎಲ್ಲರೂ ಅದರ ಸುತ್ತ ಕೂತೆವು. ಭರ್ತಿಯಾದ ದಿನ ಎದೆಯ ಸುತ್ತಳತೆ 31 ಇಂಚು. ತೂಕ 50 ಕಿಲೋ. ಗುರುತು, ಎಡ ಹುಬ್ಬಿನ ಮೇಲೆ ಹಳೇ ಗಾಯದ ಕಲೆ. "ಎತ್ತು ಹಾದದ್ದು ಅದು," ಅಂದಳು ಅವ್ವ. ಡ್ರೈವಿಂಗ್ ಟೆಸ್ಟ್ ಪಾಸಾದದ್ದು, ಸೂಜಿ ಚುಚ್ಚಿಸಿಕೊಂಡದ್ದು, ರಜೆಯಿಂದ ಎರಡು ದಿನ ತಡವಾಗಿ ಹೋದದ್ದು. "ಯಾವಾಗ ತಡಾ ಆತು?" ಅಂತ ಅಪ್ಪ ಗುರಾಯಿಸಿದ. ತಾರೀಖು ನೋಡಿದೆವು. ನಾನು ಹುಟ್ಟಿದ ವಾರ.

ಆರನೇ ಪುಟದಲ್ಲಿ ಇತ್ತು. 1971ರ ನವೆಂಬರ್‌ನಿಂದ ಬೇರೊಂದು ಯೂನಿಟ್ಟಿಗೆ ಅಟ್ಯಾಚ್‌ಮೆಂಟ್. ಅದರ ಹಿಂದೆ ಪಾರ್ಟ್ ಟೂ ಆರ್ಡರ್, ಪೂರ್ವಿ ಸ್ಟಾರ್. ಹೆಸರಿನಲ್ಲಿ ಒಂದೇ 'ಪಿ'. ನಂಬರಿನ ಏಳಂಕಿಯೂ ಸರಿ. ನನ್ನ ಊಹೆ ಇಷ್ಟು: ಸ್ಟಾರ್‌ಗೆ ಪಟ್ಟಿ ಮಾಡಿದವರು ಆ ಬೇರೆ ಯೂನಿಟ್ಟಿನವರು, ಹೆಸರು ಕಿವಿಯಿಂದ ಬರೆದರು. 1984ರಲ್ಲಿ ಡಿಸ್ಚಾರ್ಜ್ ಬುಕ್ ತುಂಬಿದವನು ಹೆಸರು ನೋಡಿದ, ನಂಬರು ನೋಡಲಿಲ್ಲ. ಬೇರೆ ಯಾರದೋ ಇರಬೇಕು ಅಂತ ಬಿಟ್ಟ. ಅಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ತೋರಿಸಿದ ಕಡೆ ಸಹಿ ಮಾಡಿ ರೈಲು ಹತ್ತಿದ.

ಆ ಅಟ್ಯಾಚ್‌ಮೆಂಟಿನ ಸಾಲು ನೋಡಿದ ಮೇಲೆಯೇ ಅಪ್ಪ ಬಾಯಿ ಬಿಟ್ಟದ್ದು. ತ್ರಿಪುರಾದಲ್ಲಿ ಆಗ ರೈಲು ಧರ್ಮನಗರಕ್ಕೇ ಮುಗಿಯುತ್ತಿತ್ತು. ಅಲ್ಲಿಂದ ಅಗರ್ತಲಾ ಕಡೆಗೆ ಗುಡ್ಡದ ರಸ್ತೆ. ಅದರಲ್ಲಿ ಮದ್ದುಗುಂಡು, ರೇಷನ್ನು ಹೊತ್ತ ಮೂರು ಟನ್ನಿನ ಶಕ್ತಿಮಾನ್ ಲಾರಿ ಓಡಿಸುವುದು ಅವನ ಕೆಲಸ. ರಾತ್ರಿ ಹೆಡ್‌ಲೈಟ್ ಹಾಕುವಂತಿಲ್ಲ. ಮುಂದಿನ ಗಾಡಿಯ ಹಿಂದೆ ಬಳಿದ ಬಿಳಿ ಬಣ್ಣವೇ ದಾರಿ. ಡಿಸೆಂಬರ್ 5ಕ್ಕೆ ಗಡಿಯಾಚೆಯ ಅಖೌರಾ ನಮ್ಮವರ ಕೈಗೆ ಬಿದ್ದ ಮೇಲೆ ಇವರ ಗಾಡಿಗಳೂ ಗಡಿ ದಾಟಿದವು. ಮೇಘನಾ ನದಿಯ ಹತ್ತಿರ ಬರುವಷ್ಟರಲ್ಲಿ, 9ನೇ ತಾರೀಖು, ಪಾಕಿಸ್ತಾನದವರು ಆಶುಗಂಜ್‌ನ ಸೇತುವೆ ಹಾರಿಸಿಬಿಟ್ಟರು. ಪಲ್ಟನ್ನಿನವರು ಹೆಲಿಕಾಪ್ಟರ್‌ನಲ್ಲಿ, ಹಳ್ಳಿಯವರ ದೋಣಿಗಳಲ್ಲಿ ದಾಟಿದರು. ಶಕ್ತಿಮಾನ್ ಎಲ್ಲಿ ದಾಟಬೇಕು? ಅಪ್ಪ ಈಚೆ ದಂಡೆಯಲ್ಲೇ ಉಳಿದ. 16ಕ್ಕೆ ಢಾಕಾದಲ್ಲಿ ಶರಣಾಗತಿ ಆದದ್ದನ್ನು ಗಾಡಿಯ ಬಾನೆಟ್ ಮೇಲೆ ಕೂತು ರೇಡಿಯೋದಲ್ಲಿ ಕೇಳಿದ.

"ಢಾಕಾ ನೋಡಲಿಲ್ಲ ನಾ," ಅಂದ. "ಹಂಗಾಗೇ ಸುಮ್ನಿದ್ದೆ. ಆ ಸುಬೇದಾರ್ ಸಾಬ್ ಏನ್ ಮಾಡಿದಿ ಅಂತ ಕೇಳಿದ್ರ, ನದಿ ದಂಡಿ ಮ್ಯಾಲ ಗಾಡಿ ಕಾದೆ ಅಂತ ಹೇಳಬೇಕಿತ್ತು." ಒಬ್ಬ ಡ್ರೈವರ್ ತಂದ ಗುಂಡು ಇಲ್ಲದೆ ಮುಂದಿನವನು ಏನು ಹೊಡೆಯುತ್ತಿದ್ದ ಅಂತ ನಾನು ಕೇಳಿದೆ. ಉತ್ತರ ಕೊಡದೆ ಕವರಿನೊಳಗೆ ಪುಟಗಳನ್ನು ಜೋಡಿಸತೊಡಗಿದ.

ಅಷ್ಟರಲ್ಲಿ ನನ್ನ ಹೆಂಡತಿ ಎಂಟನೇ ಪುಟ ಹಿಡಿದು, "ಮಾವಾರ, ಇದು ಯಾರ ಹೆಸರು?" ಅಂದಳು.

ನಿಜವಾದ ಅಪಾಯ ಆ ಪುಟದಲ್ಲಿತ್ತು. ಹೆಂಡತಿಯ ಹೆಸರಿನ ಜಾಗದಲ್ಲಿ ಅವ್ವನ ತವರುಮನೆಯ ಹೆಸರಿತ್ತು. ನಮ್ಮಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಬರೆದು ಹೆಸರು ಬದಲಾಯಿಸುತ್ತಿದ್ದರು. ಆಧಾರ್, ಪಾನ್, ಬ್ಯಾಂಕು, ಎಲ್ಲ ಕಡೆ ಅವ್ವನ ಗಂಡನ ಮನೆಯ ಹೆಸರು. ಮಿಲಿಟರಿಯಲ್ಲಿ ಮಾತ್ರ ಹಳೆಯದು. ಹುಟ್ಟಿದ ತಾರೀಖಂತೂ ಖಾಲಿ. ನಾಳೆ ಅಪ್ಪನಿಗೆ ಏನಾದರೂ ಆದರೆ ಫ್ಯಾಮಿಲಿ ಪೆನ್ಷನ್ನಿಗೆ ಅರ್ಜಿ ಹಾಕುವ ಹೆಂಗಸು ಯಾರು, ದಾಖಲೆಯಲ್ಲಿರುವ ಹೆಂಗಸು ಯಾರು? ಗಂಡ ಬದುಕಿದ್ದಾಗ ಅವನ ಒಂದು ಸಹಿಗೆ ಆಗುವ ಕೆಲಸ ಅದು. ಅವನು ಹೋದ ಮೇಲೆ ಆ ಸಹಿ ಎಲ್ಲಿಂದ ತರುವುದು? ಸ್ಟಾರ್ ಹುಡುಕಲು ಹೋಗದಿದ್ದರೆ ಇದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಎರಡಕ್ಕೂ ಬೇರೆ ಬೇರೆ ಅರ್ಜಿ ಮಾಡಿದೆವು. 100 ರೂಪಾಯಿಯ ಸ್ಟಾಂಪ್ ಪೇಪರಿನ ಮೇಲೆ ಎರಡು ಅಫಿಡವಿಟ್: ಈ ಎರಡು ಹೆಸರಿನ ಗಂಡಸು ಒಬ್ಬನೇ, ಈ ಎರಡು ಹೆಸರಿನ ಹೆಂಗಸು ಒಬ್ಬಳೇ. ಜೊತೆಗೆ ಪೆನ್ಷನ್ ಆರ್ಡರ್, ಡಿಸ್ಚಾರ್ಜ್ ಬುಕ್, ಆಧಾರ್, ಮೆಡಲಿನ ಎರಡೂ ಬದಿಯ ಫೋಟೋ, ಮತ್ತು ಅವರೇ ಕೊಟ್ಟ ಶೀಟ್ ರೋಲಿನ ಪುಟ. ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆ. ಈ ಸಲ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿದೆ. ಅಲ್ಲಿನವರು ಮರಾಠಿಯಲ್ಲಿ ಒಂದೇ ಮಾತು ಹೇಳಿದರು: ಕಾಕಾ ಇರುವಾಗಲೇ ಬಂದಿರಿ, ಒಳ್ಳೆಯದಾಯಿತು.

2023ರ ಫೆಬ್ರುವರಿಯಲ್ಲಿ ಉತ್ತರ. ಮೆಡಲಿನ ವಿಷಯ ಒಪ್ಪಿದ್ದೇವೆ, ಎಂಟ್ರಿ ಮಾಡಲು ಮೂಲ ಡಿಸ್ಚಾರ್ಜ್ ಬುಕ್ ಪೋಸ್ಟಿನಲ್ಲಿ ಕಳಿಸಿ. ಅಪ್ಪ ಒಪ್ಪಲಿಲ್ಲ. "ರೈಫಲ್ ಕೊಡು ಅಂದ್ರ ಕೊಡ್ತೇನಿ. ಬುಕ್ ಕೊಡೂದಿಲ್ಲ." ಏಪ್ರಿಲ್‌ನಲ್ಲಿ ನಾನೇ ನಾಲ್ಕು ದಿನ ರಜೆ ಹಾಕಿ ಅವನನ್ನು ಕರೆದುಕೊಂಡು ಹೋದೆ. ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬನಿಯನ್ನಿನ ಒಳಗೆ ಇಟ್ಟುಕೊಂಡು ಮಲಗಿದ್ದ ರೈಲಿನಲ್ಲಿ.

ಆಫೀಸಿನಲ್ಲಿ ಆದದ್ದು ಇಪ್ಪತ್ತು ನಿಮಿಷದ ಕೆಲಸ. ಇಪ್ಪತ್ತೈದರ ಒಂದು ಹುಡುಗ ರಿಜಿಸ್ಟರ್ ತೆಗೆದ, ನೀಲಿ ಶಾಯಿಯಲ್ಲಿ ಒಂದು ಸಾಲು ಬರೆದ, ಒಳಗೆ ಹೋಗಿ ಅಧಿಕಾರಿಯ ಸಹಿ, ದುಂಡು ಸೀಲು ಹಾಕಿಸಿಕೊಂಡು ಬಂದ. ಅಪ್ಪ ಬೆರಳಿಟ್ಟು ಒಂದೊಂದೇ ಅಕ್ಷರ ನೋಡಿದ. "ಎರಡ ಪಿ ಅದಾವಿಲ್ಲೋ?" ಅಂತ ನನ್ನನ್ನು ಕೇಳಿದ. ಆ ಸಾಲಿನಲ್ಲಿ ಇದ್ದದ್ದು ಮೆಡಲಿನ ಹೆಸರು, ಅವನ ಹೆಸರಲ್ಲ. ಅದಾವ ಅಂದೆ.

ಅವ್ವನ ಹೆಸರು ಸರಿಯಾಗಲು ಇನ್ನೂ ಏಳು ತಿಂಗಳು ಹಿಡಿಯಿತು. ಪಾರ್ಟ್ ಟೂ ಆರ್ಡರ್ ಆಯಿತು, ಆಮೇಲೆ ತಿದ್ದುಪಡಿಯ ಪೆನ್ಷನ್ ಆರ್ಡರ್ ಬಂತು. ಅದನ್ನು ಅವ್ವ ದೇವರ ಮುಂದೆ ಇಟ್ಟಳು. ಮೆಡಲುಗಳನ್ನು ಈಗ ಅವಳ ಕೈಗೆ ಕೊಡುವುದಿಲ್ಲ ಅಪ್ಪ. ಒಣ ಬಟ್ಟೆಯಲ್ಲಿ ತಾನೇ ಒರೆಸುತ್ತಾನೆ.

ಕಳೆದ ಸಂಕ್ರಾಂತಿಗೆ ಎಳ್ಳು ಕೊಡುವ ನೆಪದಲ್ಲಿ ಸುಬೇದಾರ್ ಸಾಹೇಬರು ಮನೆಗೆ ಬಂದರು. ಬಗಲಲ್ಲಿ ಒಂದು ಚೀಲ. ಅದೂ ಇದೂ ಮಾತಾಡಿದರು, ಚಹಾ ಕುಡಿದರು. ಅಪ್ಪನ ಬುಕ್ ಕೇಳಲೇ ಇಲ್ಲ. ಕೊನೆಗೆ ಚೀಲದಿಂದ ತಮ್ಮದೇ ಬುಕ್ ತೆಗೆದು ಟೀಪಾಯಿ ಮೇಲೆ ಇಟ್ಟರು. ಅವರ ಮನೆಯವರ ಹೆಸರೂ ಮಿಲಿಟರಿಯಲ್ಲಿ ಬೇರೆ, ಆಧಾರ್‌ನಲ್ಲಿ ಬೇರೆ ಇತ್ತು.

ನಾನು ಪೆನ್ನು, ಹಾಳೆ ತಂದೆ. ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಮೊದಲ ನಂಬರ್ ಹೇಳ್ರಿ ಸಾಬ್."

"ಯಾವುದು? ಹಳೇದೋ, ಜೆ.ಸಿ. ನಂಬರೋ?" ಜೆ.ಸಿ.ಒ., ಅಂದರೆ ಸುಬೇದಾರರಂಥ ಅಧಿಕಾರಿ ಆದಾಗ ಹೊಸ ನಂಬರು ಕೊಡುತ್ತಾರೆ.

"ಎರಡೂ," ಅಂದ ಅಪ್ಪ. "ತಲೀಗೆ ಬರಿಯೋ ತಮ್ಮಾ."